ಕಾಸಿಲ್ಲದ ಪಾಠೋಪಕರಣ: ಅಂಗನವಾಡಿಯ ಆಟದ ಪಾಠಗಳು



ನಾನು ಈ ಶಾಲೆಯ ಟೀಚರಲ್ಲ. ಶಾಲೆಯ ಕಾಂಪೌಂಡಿನ ಮೂಲೆಯಲ್ಲಿ, ಹೊಂಗೆ ಮರದ ಪಕ್ಕದ ಕೋಣೆಯಲ್ಲಿ ನಡೆಯುವ ಅಂಗನವಾಡಿಯ ಕಾರ್ಯಕರ್ತೆ. ಈ ಸಲದ ಗೋಡೆ ಪತ್ರಿಕೆಗೆ ಒಂದು ಲೇಖನ ಬೇಕು ಅಂತ ಹೆಡ್‌ಮೇಷ್ಟ್ರು ಕೇಳಿದರು. "ನನಗೇನು ಬರೆಯೋಕೆ ಬರುತ್ತೆ ಸಾರ್" ಅಂದೆ. "ನೀವು ದಿನಾ ಮಾಡೋದನ್ನೇ ಬರೀರಿ ಮೇಡಂ. ತಿಂಗಳ ಸರ್ಕಲ್ ಮೀಟಿಂಗು ನಮ್ಮ ಶಾಲೆಯಲ್ಲೇ ಆಗುತ್ತಲ್ಲ, ಬೇರೆ ಊರಿನ ಅಂಗನವಾಡಿಯವರೂ ಓದ್ತಾರೆ" ಅಂದರು. ಹಾಗಾಗಿ ಧೈರ್ಯ ಮಾಡಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಮೊದಲು ನನ್ನ ತಪ್ಪು

ಏಳು ವರ್ಷದ ಹಿಂದಿನ ಮಾತು. ಹೋಬಳಿ ಊರಿನ ಕಾನ್ವೆಂಟಿನ ವ್ಯಾನು ನಮ್ಮೂರಿಗೂ ಬರಲು ಶುರುವಾಯಿತು. ಜೂನ್ ತಿಂಗಳಲ್ಲಿ 19 ಇದ್ದ ಮಕ್ಕಳು ದೀಪಾವಳಿ ಹೊತ್ತಿಗೆ 12 ಆದರು. ತಾಯಂದಿರನ್ನು ಕೇಳಿದರೆ ಒಂದೇ ಉತ್ತರ: "ಅಲ್ಲಿ ಎಲ್‌ಕೆಜಿಯಲ್ಲೇ ಬರೆಸ್ತಾರೆ ಟೀಚರ್. ನಿಮ್ಮಲ್ಲಿ ಬರೀ ಆಟ, ಊಟ." ನನಗೆ ಭಯವಾಯಿತು. ಮಕ್ಕಳೇ ಇಲ್ಲದೆ ಹೋದರೆ ಅಂಗನವಾಡಿ ಯಾತಕ್ಕೆ, ನಾನು ಯಾತಕ್ಕೆ?

ಸಂತೆಯಿಂದ ಒಂದು ಡಜನ್ ಸ್ಲೇಟು, ಒಂದು ಡಬ್ಬಿ ಬಳಪ ತಂದೆ. ಬೆಳಗ್ಗೆ ಪ್ರಾರ್ಥನೆ ಆದ ಕೂಡಲೇ ಎಲ್ಲರನ್ನೂ ಸಾಲಾಗಿ ಕೂರಿಸಿ ಅ, ಆ ತಿದ್ದಿಸತೊಡಗಿದೆ. ಆಟ ಬಂದ್. ಕಥೆ ಬಂದ್. ತಾಯಂದಿರು ಕಿಟಕಿಯಲ್ಲಿ ಇಣುಕಿ ನೋಡಿ ತಲೆ ಆಡಿಸಿಕೊಂಡು ಹೋಗುತ್ತಿದ್ದರು. ನನಗೂ ಖುಷಿಯೇ.

ಆ ಸಾಲಿನಲ್ಲಿ ಒಬ್ಬ ಹುಡುಗ ಇದ್ದ. ನಾಲ್ಕು ವರ್ಷ ತುಂಬಿರಲಿಲ್ಲ. ಬಳಪವನ್ನು ಮುಷ್ಟಿಯಲ್ಲಿ ಹಿಡಿದು ಒತ್ತುತ್ತಿದ್ದ, ಅದು ಪಟ್ ಅಂತ ಮುರಿಯುತ್ತಿತ್ತು. ದಿನಕ್ಕೆ ಮೂರು ನಾಲ್ಕು ಬಳಪ ಮುರಿಯುತ್ತಿದ್ದ. ಒಂದು ದಿನ ನಾನು ಎಲ್ಲರ ಮುಂದೆ "ಇಷ್ಟೂ ಬರಲ್ವೇನೋ ನಿನಗೆ?" ಅಂದುಬಿಟ್ಟೆ. ಗೊಳೋ ಅಂತ ಅತ್ತ. ಮಾರನೇ ದಿನದಿಂದ ಬರಲಿಲ್ಲ.

ಎಂಟು ದಿನ ಕಾದು ಅವರ ಮನೆಗೆ ಹೋದೆ. ಶಿವರಾತ್ರಿ ಹತ್ತಿರವಿತ್ತು, ಹುಣಸೆ ಸುಗ್ಗಿ. ಅವರಜ್ಜಿ ಜಗಲಿಯ ಮೇಲೆ ಕೂತು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ಹುಡುಗ ಪಕ್ಕದಲ್ಲಿ ಕೂತು ಆ ಬೀಜಗಳನ್ನು ಒಂದೊಂದಾಗಿ ಆರಿಸಿ ನೆಲದ ಮೇಲೆ ಚಕ್ಕುಲಿಯ ಹಾಗೆ ಸುತ್ತಲೂ ಜೋಡಿಸುತ್ತಿದ್ದ. ನನ್ನನ್ನು ಕಂಡದ್ದೇ ಅಜ್ಜಿಯ ಸೆರಗಿನ ಹಿಂದೆ ಸೇರಿಕೊಂಡ.

"ನೋಡಿ ಟೀಚರಮ್ಮ, ನಮ್ ಹೈದ ಬೆಳಗ್ಗಿಂದ ಇಲ್ಲೇ ಕುಂತವ್ನೆ. ಐದೈದು ಬೀಜ ಗುಡ್ಡೆ ಹಾಕ್ತಾನೆ, ಒಂದೂ ತಪ್ಪಲ್ಲ. ನಿಮ್ ಸಿಲೇಟು ಅಂದ್ರೆ ಮಾತ್ರ ಓಡೋಯ್ತಾನೆ" ಅಂದರು ಅಜ್ಜಿ.

ನಾನು ಆ ಬೀಜಗಳನ್ನೇ ನೋಡುತ್ತಾ ನಿಂತೆ. ಎಣಿಕೆ ಬರುತ್ತದೆ. ದುಂಡಗೆ ಜೋಡಿಸಲು ಬರುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಸೇರಿಸಿ ಬೀಜ ಹಿಡಿಯುತ್ತಾನೆ. ಪೆನ್ಸಿಲ್ ಹಿಡಿಯುವುದೂ ಅದೇ ಮೂರು ಬೆರಳಲ್ಲಿ ತಾನೇ? ಅವನಿಗೆ ಬರುವುದಿಲ್ಲ ಅಂದವಳು ನಾನು. ಬರುವುದನ್ನು ನೋಡಿರಲಿಲ್ಲ, ಅಷ್ಟೆ.

ಪುಟ್ಟ ಕೈಗೆ ಅವಸರ ಮಾಡಬಾರದು

ಆಮೇಲೆ ತರಬೇತಿಯಲ್ಲಿ ಹೇಳಿಕೊಟ್ಟದ್ದನ್ನು ಮತ್ತೆ ತೆಗೆದು ಓದಿದೆ. ಮೂರು ನಾಲ್ಕು ವರ್ಷದ ಮಗುವಿನ ಮಣಿಕಟ್ಟಿನಲ್ಲಿ ಇನ್ನೂ ಬಹುಪಾಲು ಮೆದು ಎಲುಬೇ ಇರುತ್ತದೆ, ಅದು ಗಟ್ಟಿಯಾಗಲು ವರ್ಷಗಳು ಬೇಕು. ಸಾಮಾನ್ಯವಾಗಿ ಮೂರು ವರ್ಷದ ಮಗು ನೋಡಿಕೊಂಡು ಒಂದು ಸೊನ್ನೆ ಬರೆಯಬಲ್ಲದು. ನಾಲ್ಕಕ್ಕೆ ಕೂಡಿಸುವ ಗುರುತು ಬರೆಯುತ್ತದೆ. ತ್ರಿಕೋನ ಬರೆಯಲು ಐದು ವರ್ಷವಾಗಬೇಕು. ಕೆಲವರಿಗೆ ಬೇಗ, ಕೆಲವರಿಗೆ ತಡ. ಹೀಗಿರುವಾಗ ಸುತ್ತು, ಕೊಂಡಿ ಎಲ್ಲ ಇರುವ ನಮ್ಮ 'ಅ' ಅಕ್ಷರವನ್ನು ನಾಲ್ಕು ತುಂಬದ ಮಗುವಿನ ಕೈಯಲ್ಲಿ ದಿನಕ್ಕೆ ಐವತ್ತು ಸಲ ಬರೆಸಿದರೆ ಏನಾದೀತು? ಬಳಪ ಮುರಿಯುತ್ತದೆ. ಮನಸ್ಸೂ ಮುರಿಯುತ್ತದೆ.

ಹಾಗಾದರೆ ಸುಮ್ಮನೆ ಕೂರಬೇಕೇ? ಇಲ್ಲ. ಬರೆಯುವ ಮುಂಚೆ ಕೈಗೂ, ಕಣ್ಣಿಗೂ, ಕಿವಿಗೂ, ಬಾಯಿಗೂ ಬೇಕಾದಷ್ಟು ಕೆಲಸ ಇದೆ. ಅದಕ್ಕೆ ಬೇಕಾದ ಸಾಮಾನು ನಮ್ಮೂರಲ್ಲೇ ಇದೆ. ನಾನು ಮಾಡಿ ನೋಡಿದ್ದನ್ನು ಮಾತ್ರ ಕೆಳಗೆ ಬರೆದಿದ್ದೇನೆ.

1. ಹುಣಸೆ ಬೀಜ. ಅವತ್ತು ಅಜ್ಜಿಯ ಹತ್ತಿರ ಎರಡು ಸೇರು ಬೀಜ ಇಸಿದುಕೊಂಡು ಬಂದೆ. ತೊಳೆದು ಒಣಗಿಸಿದೆ. ಮೊದಲ ವಾರ ಬರೀ ಆರಿಸುವ ಆಟ: ದೊಡ್ಡದು ಒಂದು ಕಡೆ, ಚಿಕ್ಕದು ಒಂದು ಕಡೆ. ಎರಡನೇ ವಾರ ಐದರ ಗುಡ್ಡೆ. ಮೂರನೇ ವಾರ ನೆಲದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಸೊನ್ನೆ, ಅಂಕುಡೊಂಕು ಗೆರೆ ಬರೆದುಕೊಟ್ಟು ಅದರ ಮೇಲೆ ಬೀಜ ಜೋಡಿಸುವುದು. ಆಮೇಲೆ ಅಕ್ಷರದ ಮೇಲೆ ಜೋಡಿಸುವುದು. ದೊಡ್ಡ ಮಕ್ಕಳಿಗೆ ಚೌಕಾಬಾರದ ಬೀಜ: ಒಂದು ಮಗ್ಗುಲು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದ ನಾಲ್ಕು ಬೀಜ. ಎಸೆಯುವುದು, ಬಿಳಿ ಎಷ್ಟು ಬಿತ್ತು ಅಂತ ಎಣಿಸುವುದು. ಬೀಜ ಉಜ್ಜುವುದೇ ಬೆರಳಿಗೆ ಒಳ್ಳೆ ವ್ಯಾಯಾಮ, ಆದರೆ ಅದನ್ನು ನಾವೇ ಉಜ್ಜಿಕೊಡಬೇಕು ಅಂತಿಲ್ಲ, ಐದು ವರ್ಷದವರು ತಾವೇ ಉಜ್ಜುತ್ತಾರೆ.

2. ಮರಳು ತಟ್ಟೆ. ಅಕ್ಷರಾಭ್ಯಾಸದ ದಿನ ಅಕ್ಕಿಯ ಮೇಲೆ ಬೆರಳಲ್ಲಿ ಬರೆಸುತ್ತಾರಲ್ಲ, ಹಿರಿಯರು ಸುಮ್ಮನೆ ಮಾಡಿದ್ದಲ್ಲ. ಅಕ್ಕಿ ಬೇಡ, ಅದು ಅನ್ನ. ನುಣ್ಣನೆ ಮರಳನ್ನು ಜರಡಿ ಹಿಡಿದು, ತೊಳೆದು, ಒಣಗಿಸಿ ಅಗಲವಾದ ತಟ್ಟೆಗೆ ಹರಡಿ. ಮಗು ಬೆರಳಲ್ಲಿ ಬರೆಯಲಿ. ತಪ್ಪಾದರೆ ತಟ್ಟೆ ಅಲ್ಲಾಡಿಸಿದರೆ ಆಯಿತು. ತಪ್ಪು ಉಳಿಯುವುದಿಲ್ಲ, ಅಳುವೂ ಇಲ್ಲ.

3. ಕೆರೆ ಮಣ್ಣು. ಬೇಸಿಗೆಯಲ್ಲಿ ಕೆರೆಯಂಗಳದ ಜೇಡಿಮಣ್ಣು ತಂದು, ಒಣಗಿಸಿ, ಪುಡಿ ಮಾಡಿ, ಕಲ್ಲು ಮುಳ್ಳು ಗಾಜು ತೆಗೆದು ನೆನೆಹಾಕಿ. ಒದ್ದೆ ಬಟ್ಟೆ ಮುಚ್ಚಿಟ್ಟರೆ ಒಂದು ವಾರ ಬರುತ್ತದೆ. ಉಂಡೆ ಕಟ್ಟುವುದು, ರೊಟ್ಟಿ ತಟ್ಟುವುದು, ಹಾವು ಹೊಸೆಯುವುದು. ಹಾವಿನ ತಲೆ ಬಾಲ ಸೇರಿಸಿದರೆ ಸೊನ್ನೆ. ಸೊನ್ನೆಯ ನಡುವೆ ಒಂದು ಬೀಜ, ಮೇಲೊಂದು ತಲೆಕಟ್ಟು ಇಟ್ಟರೆ 'ಠ'. ಅದನ್ನು ಕಂಡುಹಿಡಿದದ್ದು ನಾನಲ್ಲ, ಒಬ್ಬಳು ಹುಡುಗಿ.

4. ಕರಟದ ತಕ್ಕಡಿ. ತೆಂಗಿನ ಕರಟ ಎರಡು. ಕಾದ ಮೊಳೆಯಿಂದ ಮೂರು ಮೂರು ತೂತು (ಇದು ದೊಡ್ಡವರ ಕೆಲಸ), ದಾರ, ನಡುವೆ ಕಟ್ಟಿದ ಒಂದು ಕೋಲು. ಒಂದು ಕಲ್ಲಿಗೆ ಎಷ್ಟು ಬೀಜ ಸಮ? ಒಂದು ಹಿಡಿ ಹತ್ತಿ ಭಾರವೋ, ಒಂದು ಗೋಲಿ ಭಾರವೋ? ಮೊದಲು ಊಹೆ ಹೇಳಿಸಬೇಕು, ಆಮೇಲೆ ತೂಗಿಸಬೇಕು. "ದೊಡ್ಡದಾಗಿ ಕಾಣೋದೆಲ್ಲ ಭಾರ ಅಲ್ಲ ಮಿಸ್" ಅಂತ ಅವರೇ ಹೇಳುತ್ತಾರೆ. ಮಕ್ಕಳ ತೂಕ ಮಾಡುವ ದಿನ ಇದನ್ನು ಆಡಿಸಿದರೆ ತೂಕದ ಯಂತ್ರ ಕಂಡು ಹೆದರುವುದಿಲ್ಲ.

5. ಸದ್ದಿನ ಪೊಟ್ಟಣ. ಆರು ಖಾಲಿ ಬೆಂಕಿಪೊಟ್ಟಣ. ಎರಡರಲ್ಲಿ ರಾಗಿ, ಎರಡರಲ್ಲಿ ಹುರುಳಿ, ಎರಡರಲ್ಲಿ ಸಣ್ಣ ಕಲ್ಲು. ಬಾಯಿಗೆ ಕಾಗದ ಅಂಟಿಸಿ ಬಿಡಿ. ಕಿವಿಯ ಹತ್ತಿರ ಅಲ್ಲಾಡಿಸಿ ಜೋಡಿ ಹುಡುಕಬೇಕು. ಸದ್ದಿನಲ್ಲಿ ವ್ಯತ್ಯಾಸ ಕಂಡ ಕಿವಿಗೆ ಮುಂದೆ ತ, ಥ, ದ, ಧ ಬೇರೆ ಬೇರೆ ಅಂತ ಗೊತ್ತಾಗುವುದು ಸುಲಭ.

6. ಗುಟ್ಟಿನ ಚೀಲ. ಟೈಲರ್ ಅಂಗಡಿಯ ತುಂಡು ಬಟ್ಟೆಯಲ್ಲಿ ಹೊಲಿದ ಚೀಲ. ಒಳಗೆ ಚಮಚ, ಬುಗುರಿ, ಜೋಳದ ದಂಟು, ನೂಲಿನ ಉಂಡೆ. ನೋಡದೆ ಕೈ ಹಾಕಿ ಮುಟ್ಟಿ ಹೇಳಬೇಕು. ಆರು ತಿಂಗಳು ಬಾಯಿಯೇ ಬಿಡದ ಒಂದು ಮಗು ಈ ಚೀಲಕ್ಕೆ ಕೈ ಹಾಕಿ ಮೊದಲ ಸಲ "ತಣ್ಗೈತೆ, ಉದ್ದುಕ್ಕೈತೆ" ಅಂದಿತು. 'ತಣ್ಣಗಿದೆ ಅನ್ನು' ಅಂತ ನಾನು ತಿದ್ದಲಿಲ್ಲ. ಮನೆ ಮಾತಿನಲ್ಲಿ ಬಾಯಿ ಬಿಡಲಿ. ಪುಸ್ತಕದ ಮಾತು ಅದರ ಹಿಂದೆಯೇ ಬರುತ್ತದೆ. ಮನೆಯಲ್ಲಿ ತೆಲುಗು, ಉರ್ದು, ಲಂಬಾಣಿ ಮಾತಾಡುವ ಮಕ್ಕಳಿಗೂ ಇದೇ ಮಾತು.

7. ಲಗ್ನಪತ್ರಿಕೆ. ಮದುವೆ ಕಾಲ ಮುಗಿದ ಮೇಲೆ ಮನೆಮನೆಯಿಂದ ಹಳೇ ಲಗ್ನಪತ್ರಿಕೆ ಕೇಳಿ ತನ್ನಿ. ಒಂದೇ ಪತ್ರಿಕೆ ಎರಡು ಮನೆಯಲ್ಲಿ ಸಿಕ್ಕೇ ಸಿಗುತ್ತದೆ. ಹೂವು, ನವಿಲು, ಕಳಶ, ಬಾಳೆಕಂಬ ಕತ್ತರಿಸಿದರೆ ಜೋಡಿ ಹುಡುಕುವ ಆಟ ತಯಾರು. ದೇವರ ಚಿತ್ರ ಇರುವ ಭಾಗ ಕತ್ತರಿಸಬೇಡಿ, ತೆಗೆದಿಡಿ. ನಾನು ಒಮ್ಮೆ ಗೊತ್ತಿಲ್ಲದೆ ಕತ್ತರಿಸಿ ಒಬ್ಬ ಅಜ್ಜಿಯಿಂದ ಬೈಸಿಕೊಂಡೆ.

8. ಅರಿಶಿನದ ಮಾಯ. ಅರಿಶಿನ ಕಲಸಿದ ನೀರನ್ನು ಬಿಳಿ ಕಾಗದಕ್ಕೆ ಬಳಿದು ಒಣಗಿಸಿ. ಬೇವಿನ ಕಡ್ಡಿಯ ತುದಿ ಜಜ್ಜಿದರೆ ಕುಂಚ. ಬಟ್ಟೆ ಒಗೆಯುವ ಸೋಪಿನ ನೀರಲ್ಲಿ ಅದ್ದಿ ಗೆರೆ ಎಳೆದರೆ ಕೆಂಪಗೆ ಮೂಡುತ್ತದೆ. ಅದರ ಮೇಲೆ ನಿಂಬೆರಸ ಹಚ್ಚಿದರೆ ಮತ್ತೆ ಹಳದಿ. ಕಾರಣ ಶಾಲೆಯ ಅಣ್ಣ ಅಕ್ಕಂದಿರು ಹೇಳಲಿ: ಸೋಪು ಕ್ಷಾರ, ನಿಂಬೆ ಆಮ್ಲ. ಓಕುಳಿ ಕಲಸುವಾಗ ಅರಿಶಿನಕ್ಕೆ ಸುಣ್ಣ ಹಾಕಿದರೆ ಕೆಂಪಾಗುವುದೂ ಇದರಿಂದಲೇ. ಆದರೆ ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ, ಮಕ್ಕಳ ಕೈಗೆ ಸೋಪಿನ ನೀರೇ ಸಾಕು.

ಎಚ್ಚರಿಕೆ (ಇದನ್ನು ಬಿಡದೆ ಓದಿ)

ಕಾಸಿಲ್ಲದ ಸಾಮಾನು ಅಂತ ಸಿಕ್ಕಿದ್ದೆಲ್ಲ ತರಬಾರದು. ಗುಲಗಂಜಿ ನೋಡಲು ಬಲು ಚೆಂದ, ಒಳಗೆ ವಿಷ. ಹರಳು ಬೀಜವೂ ವಿಷ. ಎರಡನ್ನೂ ಮಕ್ಕಳ ಹತ್ತಿರ ಸುಳಿಯಗೊಡಬೇಡಿ. ಮೂರು ತುಂಬದ ಮಕ್ಕಳ ಕೈಗೆ ಯಾವ ಸಣ್ಣ ಬೀಜವನ್ನೂ ಕೊಡಬೇಡಿ, ಮೂಗಿಗೆ ಕಿವಿಗೆ ಹಾಕಿಕೊಳ್ಳುತ್ತಾರೆ, ಗಂಟಲಿಗೆ ಸಿಕ್ಕಿದರೆ ಉಸಿರೇ ಕಟ್ಟುತ್ತದೆ. ದೊಡ್ಡವರು ಆಡುವಾಗಲೂ ಪಕ್ಕದಲ್ಲೇ ಕೂತಿರಬೇಕು. ಕೊಡುವಾಗ ಎಣಿಸಿ ಕೊಡಿ, ವಾಪಸ್ ಎಣಿಸಿ ತಗೊಳ್ಳಿ. ಅದೂ ಒಂದು ಲೆಕ್ಕದ ಪಾಠವೇ. ಔಷಧಿ, ಕ್ರಿಮಿನಾಶಕದ ಡಬ್ಬಿ, ಹಳೇ ಬ್ಯಾಟರಿ ಸೆಲ್ ಬೇಡವೇ ಬೇಡ. ಮೈದಾ ಅಂಟು ಕೆಡದಿರಲಿ ಅಂತ ಕೆಲವರು ಮೈಲುತುತ್ತ ಹಾಕುತ್ತಾರೆ. ಅದು ವಿಷ. ಅವತ್ತಿನ ಅಂಟು ಅವತ್ತೇ ಕಾಯಿಸಿಕೊಳ್ಳಿ.

ಇದು ಬಡತನದ ಉಪಾಯವಲ್ಲ

"ದುಡ್ಡಿಲ್ಲ ಅಂತ ಬೀಜ, ಕರಟ ಆಡಿಸ್ತಾರೆ" ಅಂತ ಯಾರೋ ಅಂದದ್ದು ನನ್ನ ಕಿವಿಗೆ ಬಿತ್ತು. ಅವರಿಗಾಗಿ ನಾಲ್ಕು ಮಾತು.

ಎಲ್‌ಕೆಜಿ ಅನ್ನುತ್ತೇವಲ್ಲ, ಅದರ ಕೆ.ಜಿ. ಅಂದರೆ ಕಿಂಡರ್‌ಗಾರ್ಟನ್. ಜರ್ಮನ್ ಮಾತು, 'ಮಕ್ಕಳ ತೋಟ' ಎಂದು ಅರ್ಥ. ಫ್ರೋಬೆಲ್ ಎಂಬುವರು 1837ರಲ್ಲಿ ಜರ್ಮನಿಯಲ್ಲಿ ಪುಟ್ಟ ಮಕ್ಕಳ ಶಾಲೆ ತೆರೆದು, 1840ರಲ್ಲಿ ಅದಕ್ಕೆ ಈ ಹೆಸರಿಟ್ಟರು. ಅವರು ಮಕ್ಕಳ ಕೈಗೆ ಮೊದಲು ಕೊಟ್ಟದ್ದು ನೂಲಿನ ಚೆಂಡು, ಮರದ ತುಂಡು. ಇಟಲಿಯ ಮಾರಿಯಾ ಮಾಂಟೆಸ್ಸರಿ ಡಾಕ್ಟರಾಗಿದ್ದವರು. 1907ರಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ಕೂಲಿಕಾರರ ಮಕ್ಕಳಿಗಾಗಿ 'ಮಕ್ಕಳ ಮನೆ' ಶುರು ಮಾಡಿದರು. ಸದ್ದಿನ ಡಬ್ಬಿ, ಮುಟ್ಟಿ ನೋಡುವ ಚೀಲ ಅವರ ಪದ್ಧತಿಯಲ್ಲೂ ಇವೆ. 1939ರಲ್ಲಿ ಅವರು ಮದರಾಸಿಗೆ ಬಂದು ನಮ್ಮ ದೇಶದ ಶಿಕ್ಷಕರಿಗೂ ಕಲಿಸಿದರು.

ನಮ್ಮವರೂ ಕಡಿಮೆಯಿಲ್ಲ. ಗುಜರಾತಿನ ಭಾವನಗರದಲ್ಲಿ ವಕೀಲಿಕೆ ಬಿಟ್ಟು ಮೇಷ್ಟ್ರಾದ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರ ತೆರೆದರು. ಹೊಡೆತ, ಬೈಗುಳ ಇಲ್ಲದೆ, ಕಥೆ ಆಟದಲ್ಲೇ ಕಲಿಸಬಹುದು ಅಂತ ಮಾಡಿ ತೋರಿಸಿದರು. ಅವರ ಜೊತೆ ಕೆಲಸ ಮಾಡಿದ್ದ ತಾರಾಬಾಯಿ ಮೋಡಕ್, ಅನುತಾಯಿ ವಾಘ್ ಅವರ ಜೊತೆಗೂಡಿ 1945ರಲ್ಲಿ ಮಹಾರಾಷ್ಟ್ರದ ಕಡಲ ತಡಿಯ ಬೋರ್ಡಿ ಎಂಬ ಹಳ್ಳಿಯಲ್ಲಿ ಮಕ್ಕಳ ಕೇಂದ್ರ ಶುರು ಮಾಡಿದರು. ಬಡವರ ಕೇರಿಯ ಮಕ್ಕಳು ಶಾಲೆಗೆ ಬರಲಿಲ್ಲ. ಆಗ ಶಾಲೆಯನ್ನೇ ಅವರ ಅಂಗಳಕ್ಕೆ ಒಯ್ದರು. ಪಾಠೋಪಕರಣ ಯಾವುದು ಗೊತ್ತೇ? ಸುತ್ತಮುತ್ತ ಸಿಗುವ ಬೀಜ, ಕಲ್ಲು, ಎಲೆ, ಕಪ್ಪೆಚಿಪ್ಪು. 'ಅಂಗನವಾಡಿ' ಎಂಬ ಹೆಸರಿನಲ್ಲಿ ಅಂಗಳ ಇರುವುದು ಸುಮ್ಮನೆ ಅಲ್ಲ.

ಸರ್ಕಾರದ ಅಂಗನವಾಡಿಗಳು 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದವು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ನಿಮ್ಮ ಶಾಲೆಯ 'ನಲಿ-ಕಲಿ' ಕೂಡ 1995ರಲ್ಲಿ ಅದೇ ಜಿಲ್ಲೆಯ ಹೆಗ್ಗಡದೇವನಕೋಟೆಯ ಮೇಷ್ಟ್ರುಗಳ ಕೈಯಿಂದ ಮೂಡಿದ್ದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 3ರಿಂದ 8 ವರ್ಷದವರೆಗಿನ ಕಾಲವನ್ನು ಬುನಾದಿ ಹಂತ ಅಂತ ಕರೆದು, ಆಟ ಚಟುವಟಿಕೆಯಲ್ಲೇ ಕಲಿಸಿ ಅನ್ನುತ್ತದೆ. ಮನೆ ಕಟ್ಟುವವರು ಪಾಯ ಹಾಕುವಾಗ "ಗೋಡೆ ಎಲ್ಲಿ?" ಅಂತ ಕೇಳುತ್ತಾರೆಯೇ?

ತಾಯಂದಿರ ಸಭೆ

ಇಷ್ಟೆಲ್ಲ ನನಗೆ ತಿಳಿದರೆ ಸಾಲದು, ತಾಯಂದಿರಿಗೆ ತಿಳಿಯಬೇಕಲ್ಲ. ಬಾಲವಿಕಾಸ ಸಮಿತಿಯ ಸಭೆಯ ದಿನ ನಾನು ಭಾಷಣ ಮಾಡಲಿಲ್ಲ. ಬಂದಿದ್ದ ಹದಿನಾಲ್ಕು ಜನಕ್ಕೂ ಒಂದೊಂದು ಸ್ಲೇಟು ಕೊಟ್ಟೆ. "ಎಡಗೈಯಲ್ಲಿ ಹತ್ತು ಸಲ 'ಅ' ಬರೀರಿ. ಯಾರೂ ಮಾತಾಡಬಾರದು, ಏಳಬಾರದು" ಅಂದೆ. ಮೊದಲು ನಕ್ಕರು. ನಾಲ್ಕನೇ ಅಕ್ಷರಕ್ಕೆ ಸುಮ್ಮನಾದರು. ಏಳನೇದಕ್ಕೆ ಒಬ್ಬರು "ಕೈ ನೋಯ್ತದೆ ಟೀಚರ್, ಸಾಕು" ಅಂತ ಸ್ಲೇಟು ಕೆಳಗಿಟ್ಟರು. ನಾನು ಅಂದೆ: "ನಿಮ್ಮ ಎಡಗೈಗೆ ಮೂವತ್ತು ವರ್ಷ. ಆ ಕೈಗೆ ಮೂರು ವರ್ಷ."

ಆ ಹುಡುಗನ ತಾಯಿಯೂ ಇದ್ದರು. ಸಭೆ ಮುಗಿದ ಮೇಲೆ ಹತ್ತಿರ ಬಂದು, "ಆದ್ರೆ ಬರೆಯೋದು ಯಾವಾಗ ಟೀಚರ್? ಒಂದನೇ ಕ್ಲಾಸಲ್ಲಿ ಹಿಂದೆ ಬಿದ್ರೆ?" ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. "ಐದು ತುಂಬಲಿ ಅಕ್ಕ, ಅವನ ಕೈಯೇ ಕೇಳುತ್ತೆ. ಅಲ್ಲಿಯವರೆಗೆ ನೀವು ಮನೇಲಿ ಅವರೆಕಾಯಿ ಸುಲಿಯೋವಾಗ ಅವನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ" ಅಂದೆ.

ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಸಭೆಗೆ ಬಂದವರಲ್ಲೇ ಇಬ್ಬರು ಮುಂದಿನ ಜೂನ್‌ನಲ್ಲಿ ಮಕ್ಕಳನ್ನು ವ್ಯಾನು ಹತ್ತಿಸಿದರು. ಅವರ ಮೇಲೆ ನನಗೆ ಕೋಪವಿಲ್ಲ, ಮಕ್ಕಳು ಮುಂದೆ ಬರಲಿ ಅಂತಲೇ ಅವರ ಆಸೆ. ಆದರೆ ಆ ಹುಡುಗ ಬಂದ. ಮೊದಲ ದಿನ ಬಾಗಿಲಲ್ಲೇ ನಿಂತು ಸ್ಲೇಟು ಇದೆಯೋ ಅಂತ ಇಣುಕಿದ. ಬೀಜದ ತಟ್ಟೆ ಕಂಡ ಮೇಲೆ ಒಳಗೆ ಬಂದು ಕೂತ. ನಾನು ಅವನ ಪಕ್ಕ ಕೂತು "ಅವತ್ತು ಬೈದದ್ದು ತಪ್ಪಾಯ್ತು ಮಗಾ" ಅಂದೆ. ಅವನಿಗೆ ಅರ್ಥವಾಯಿತೋ ಇಲ್ಲವೋ, ಎರಡು ಬೀಜ ನನ್ನ ಕೈಗೆ ಕೊಟ್ಟ. ಐದು ತುಂಬಿದ ಮೇಲೆ ಒಂದು ದಿನ ಮರಳು ತಟ್ಟೆಯಲ್ಲಿ ಯಾರೂ ಹೇಳದೆ ತನ್ನ ಹೆಸರು ಬರೆದ. ಒಂದು ಒತ್ತಕ್ಷರ ತಪ್ಪಿತ್ತು. ತಟ್ಟೆ ಅಲ್ಲಾಡಿಸಿ ತಾನೇ ತಿದ್ದಿಕೊಂಡ. ಈಗ ಇದೇ ಶಾಲೆಯ 6ನೇ ತರಗತಿಯಲ್ಲಿದ್ದಾನೆ. ಈ ಲೇಖನ ಬರೆಯಲೇ ಅಂತ ಕೇಳಿದೆ. "ಬರೀರಿ ಟೀಚರ್, ಹೆಸರು ಮಾತ್ರ ಬೇಡ" ಅಂದ.

ನಮ್ಮ ಒಂದು ದಿನ

ಬೇರೆ ಊರಿನ ಅಕ್ಕ ತಂಗಿಯರು ಕೇಳಬಹುದು, "ತೂಕ ಬರೀಬೇಕು, ರಿಜಿಸ್ಟರು ಬರೀಬೇಕು, ಮೊಬೈಲಲ್ಲಿ ಹಾಜರಿ ತುಂಬಬೇಕು, ಗರ್ಭಿಣಿಯರ ಮನೆಗೆ ಹೋಗಬೇಕು, ಇದಕ್ಕೆಲ್ಲ ಹೊತ್ತೆಲ್ಲಿ?" ನನಗೂ ಹೊತ್ತಿಲ್ಲ. ಅದಕ್ಕೇ ಹೀಗೆ ಹಂಚಿಕೊಂಡಿದ್ದೇನೆ. ಬೆಳಗ್ಗೆ ಮಕ್ಕಳು ಬರುತ್ತಿರುವಾಗ ಮುಕ್ತ ಆಟ: ಮಣ್ಣು, ಬೀಜ. ನಾನು ಪಕ್ಕದಲ್ಲಿ ಕೂತೇ ಹಾಜರಿ ಮುಗಿಸುತ್ತೇನೆ. ಆಮೇಲೆ ಎಲ್ಲರೂ ಸುತ್ತ ಕೂತು ಹಾಡು, ಅವತ್ತಿನ ಸುದ್ದಿ: ಯಾರ ಮನೆಯಲ್ಲಿ ಹಸು ಕರು ಹಾಕಿತು, ಯಾರ ಅಪ್ಪ ಊರಿಗೆ ಹೋದರು. ಇದರಲ್ಲೇ ಮಾತು ಬೆಳೆಯುತ್ತದೆ. ನಂತರ ಒಂದೇ ಒಂದು ಚಟುವಟಿಕೆ, ಇಪ್ಪತ್ತು ನಿಮಿಷ. ಅದಕ್ಕಿಂತ ಹೆಚ್ಚು ಎಳೆಯಬೇಡಿ. ಆಮೇಲೆ ಹೊಂಗೆ ಮರದ ಕೆಳಗೆ ಓಟ, ಕುಂಟಾಟ. ಊಟಕ್ಕೆ ತಟ್ಟೆ ಹಂಚುವುದು ಮಕ್ಕಳೇ: ತಲೆಗೊಂದು ತಟ್ಟೆ, ತಟ್ಟೆಗೊಂದು ಲೋಟ. ಲೆಕ್ಕದ ಮೊದಲ ಪಾಠ ಅದೇ. ಮಲಗಿ ಎದ್ದ ಮೇಲೆ ಕಥೆ. ಸಹಾಯಕಿ ಅಕ್ಕ ನನಗಿಂತ ಚೆನ್ನಾಗಿ ಕಥೆ ಹೇಳುತ್ತಾರೆ, ಆ ಕೆಲಸ ಅವರಿಗೇ ಬಿಟ್ಟಿದ್ದೇನೆ.

ನಿಮ್ಮಿಂದ ಬೇಕಾದದ್ದು

ಶಾಲೆಯ ಮಕ್ಕಳೇ, ಓದಿ ಸುಮ್ಮನೆ ಹೋಗಬೇಡಿ. ಖಾಲಿ ಬೆಂಕಿಪೊಟ್ಟಣ, ಹಳೇ ಲಗ್ನಪತ್ರಿಕೆ, ತೆಂಗಿನ ಕರಟ, ತೊಳೆದ ಹುಣಸೆ ಬೀಜ ಇದ್ದರೆ ಅಂಗನವಾಡಿಯ ಬಾಗಿಲ ಬಳಿ ಇಟ್ಟಿರುವ ಬುಟ್ಟಿಗೆ ಹಾಕಿ. ನಿಮ್ಮ ತಮ್ಮ ತಂಗಿ ಬರೆಯಲು ತಡವರಿಸಿದರೆ "ದಡ್ಡ" ಅನ್ನಬೇಡಿ. ನೀವೂ ಅದೇ ಹೊಂಗೆ ಮರದ ಕೆಳಗೆ ಮಣ್ಣಲ್ಲಿ ಆಡಿ ಬಂದವರೇ.

ತಂದೆ ತಾಯಿಯರೇ, ಸಂಜೆ ಮಗು ಮನೆಗೆ ಬಂದಾಗ "ಇವತ್ತು ಏನು ಬರೆದೆ?" ಅಂತ ಕೇಳುವ ಬದಲು "ಇವತ್ತು ಏನು ಆಡಿದೆ?" ಅಂತ ಒಂದು ಸಲ ಕೇಳಿ ನೋಡಿ. ಉತ್ತರ ಎಷ್ಟು ಉದ್ದ ಬರುತ್ತದೆ ಅಂತ ನೀವೇ ನನಗೆ ಬಂದು ಹೇಳಿ.

ನಿಮ್ಮ ಊರಿನಲ್ಲಿ ಇಂಥ ಬೇರೆ ಉಪಾಯ ಇದ್ದರೆ ಒಂದು ಚೀಟಿಯಲ್ಲಿ ಬರೆದು ಈ ಪತ್ರಿಕೆಯ ಡಬ್ಬಿಗೆ ಹಾಕಿ. ಮುಂದಿನ ಸಂಚಿಕೆಯಲ್ಲಿ ಎಲ್ಲರೂ ಓದೋಣ.

ಇಂತಿ,
ನಿಮ್ಮ ಅಂಗನವಾಡಿ ಟೀಚರಮ್ಮ